ಬೌಲ್‌ನಿಂದ ದೊಡ್ಡ ಅಕ್ವೇರಿಯಂಗೆ: ಮೀನು ಸಾಯದಂತೆ ಮನೆ ಬದಲಿಸುವುದು ಹೇಗೆ?

ಪುಟ್ಟ ಬೌಲ್‌ನಲ್ಲಿ ಒಂದೂವರೆ ವರ್ಷ ಆರಾಮವಾಗಿದ್ದ ಗೋಲ್ಡ್ ಫಿಶ್, ಮೂರಡಿ ಉದ್ದದ ಹೊಸ ಟ್ಯಾಂಕ್‌ಗೆ ಬಂದ ಮೇಲೆ ಒಂದು ವಾರವೂ ಉಳಿಯಲಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಇಂಥದ್ದೊಂದು ದೂರು ಕಿವಿಗೆ ಬೀಳುತ್ತದೆ. ಮಕ್ಕಳ ಹಟಕ್ಕೋ, ಮೀನಿನ ಮೇಲಿನ ಕಾಳಜಿಗೋ ಸಾವಿರಾರು ರೂಪಾಯಿ ಕೊಟ್ಟು ಟ್ಯಾಂಕ್, ಸ್ಟ್ಯಾಂಡ್, ಲೈಟ್, ಬಣ್ಣದ ಕಲ್ಲು ಎಲ್ಲವನ್ನೂ ತಂದಿರುತ್ತಾರೆ. ಭಾನುವಾರ ಬೆಳಗ್ಗೆ ನೀರು ತುಂಬಿಸಿ, ಮಧ್ಯಾಹ್ನ ಮೀನು ಬಿಡುತ್ತಾರೆ. ಬುಧವಾರದ ಹೊತ್ತಿಗೆ ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತದೆ, ಶುಕ್ರವಾರ ಮಗುವಿಗೆ ಏನು ಹೇಳುವುದೆಂದು ತಿಳಿಯದೆ ಮನೆಯವರು ಮುಖ ಮುಖ ನೋಡುತ್ತಾರೆ.

'ನಮ್ಮ ಕೈಗುಣ ಸರಿಯಿಲ್ಲ', 'ಅಂಗಡಿಯವನು ರೋಗದ ಮೀನು ಕೊಟ್ಟ', 'ದೃಷ್ಟಿ ಆಯಿತು' ಎಂದೆಲ್ಲ ಕಾರಣ ಹುಡುಕುವುದುಂಟು. ನಿಜವಾದ ಕಾರಣ ಬಹುತೇಕ ಸಂದರ್ಭಗಳಲ್ಲಿ ಹೊಸ ಟ್ಯಾಂಕ್‌ನ ನೀರಿನಲ್ಲೇ ಇರುತ್ತದೆ. ನೋಡಲು ಕನ್ನಡಿಯಷ್ಟು ತಿಳಿಯಾಗಿರುವ ಆ ನೀರು ಮೀನಿನ ಪಾಲಿಗೆ ಹೇಗೆ ವಿಷವಾಗುತ್ತದೆ, ಅದನ್ನು ತಪ್ಪಿಸುವುದು ಹೇಗೆ ಎನ್ನುವುದನ್ನು ನೋಡೋಣ.

ದೊಡ್ಡ ಟ್ಯಾಂಕ್ ನಿಜಕ್ಕೂ ಬೇಕೇ?

ಬೇಕು. 'ಮೀನು ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತದೆ' ಎಂಬ ಮಾತು ಅಂಗಡಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಚಿಕ್ಕ ಬೌಲ್‌ನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಜಾಗಕ್ಕೆ ಮಾಡಿಕೊಂಡ ಹೊಂದಾಣಿಕೆ ಅಲ್ಲ, ಕೆಟ್ಟ ನೀರಿನಲ್ಲಿ ಬದುಕುತ್ತಿರುವುದರ ಲಕ್ಷಣ. ಸಾಮಾನ್ಯ ಗೋಲ್ಡ್ ಫಿಶ್ ಒಳ್ಳೆಯ ವಾತಾವರಣದಲ್ಲಿ 20 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಹತ್ತು ಹದಿನೈದು ವರ್ಷ ಬದುಕುವುದು ಅದಕ್ಕೆ ದೊಡ್ಡ ವಿಷಯವಲ್ಲ. ಇಂಗ್ಲೆಂಡ್‌ನಲ್ಲಿ 1956ರಲ್ಲಿ ಜಾತ್ರೆಯೊಂದರಲ್ಲಿ ಬಹುಮಾನವಾಗಿ ಸಿಕ್ಕ 'ಟಿಶ್' ಎಂಬ ಗೋಲ್ಡ್ ಫಿಶ್ 1999ರವರೆಗೆ, ಅಂದರೆ 43 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿತು. ನಮ್ಮ ಮನೆಗಳಲ್ಲಿ ವರ್ಷ ತುಂಬಿದರೆ 'ಪರವಾಗಿಲ್ಲ, ಚೆನ್ನಾಗಿ ಬಾಳಿತು' ಎನ್ನುತ್ತೇವೆ. ಇಟಲಿಯ ರೋಮ್ ನಗರಾಡಳಿತವಂತೂ ದುಂಡನೆಯ ಬೌಲ್‌ನಲ್ಲಿ ಮೀನು ಇಡುವುದನ್ನೇ 2005ರಲ್ಲಿ ನಿಷೇಧಿಸಿತು.

ಆಸ್ಕರ್, ಫ್ಲವರ್‌ಹಾರ್ನ್‌ಗಳದ್ದು ಇನ್ನೊಂದು ಕಥೆ. ಅಂಗಡಿಯಲ್ಲಿ ಎರಡಿಂಚು ಇದ್ದಾಗ ಮುದ್ದಾಗಿ ಕಾಣುವ ಆಸ್ಕರ್ ಒಂದು ಅಡಿಯವರೆಗೂ ಬೆಳೆಯುತ್ತದೆ. ಹಾಗಾಗಿ ಮೀನು ಸಾಕುವವರು ಒಂದಲ್ಲ ಒಂದು ದಿನ ದೊಡ್ಡ ಟ್ಯಾಂಕ್‌ಗೆ ಹೋಗಲೇಬೇಕು.

ನಿಮ್ಮ ಟ್ಯಾಂಕ್‌ನಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಿ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 24-12-15 ಇಂಚಿನ ಟ್ಯಾಂಕ್ ಸುಮಾರು 70 ಲೀಟರ್, 36-15-18 ಇಂಚಿನದ್ದು ಸುಮಾರು 160 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಶೇ 10ರಷ್ಟು ಕಡಿಮೆ ಎಂದಿಟ್ಟುಕೊಳ್ಳಬಹುದು. ಮುಂದೆ ಔಷಧ, ಉಪ್ಪು, ಕ್ಲೋರಿನ್ ತೆಗೆಯುವ ದ್ರಾವಣ ಏನು ಹಾಕುವುದಿದ್ದರೂ ಈ ಅಂಕಿ ಬೇಕಾಗುತ್ತದೆ.

ಹೊಸ ಟ್ಯಾಂಕ್‌ನಲ್ಲಿ ಇಲ್ಲದ್ದು ಏನು?

ಮೀನು ತನ್ನ ದೇಹದ ತ್ಯಾಜ್ಯವನ್ನು ಬಹುಪಾಲು ಕಿವಿರಿನ ಮೂಲಕ, ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತಾಗಲೂ ಅಮೋನಿಯಾವೇ ಬರುತ್ತದೆ. ನದಿ, ಕೆರೆಯಲ್ಲಾದರೆ ಅದು ಅಪಾರ ನೀರಿನಲ್ಲಿ ಕರಗಿಹೋಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಹೋಗಲು ಜಾಗವಿಲ್ಲ. ಅಲ್ಲೇ ಸೇರುತ್ತಾ ಹೋಗಿ ಅದೇ ಕಿವಿರನ್ನು ಸುಡುತ್ತದೆ.

ಹಳೆಯ ಅಕ್ವೇರಿಯಂಗಳಲ್ಲಿ ಇದನ್ನು ಸಂಭಾಳಿಸುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತದೆ. ಹೆಸರುಗಳು ಒಂದೇ ಥರ ಕೇಳಿಸುತ್ತವೆ, ಪರಿಣಾಮ ಮಾತ್ರ ಬೇರೆ ಬೇರೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ವಿಷ. ನೈಟ್ರೈಟ್ ಮೀನಿನ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ನೀರಿನಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ.

ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದು ತೀರಾ ಕಡಿಮೆ. ಫಿಲ್ಟರ್‌ನ ಸ್ಪಂಜ್, ಸೆರಾಮಿಕ್ ಉಂಡೆಗಳು, ತಳದ ಕಲ್ಲು, ಗಾಜಿನ ಗೋಡೆ ಹೀಗೆ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು, ಹರಿಯುವ ನೀರಿನಿಂದ ಆಮ್ಲಜನಕ ಪಡೆದು ಬದುಕುತ್ತವೆ. ಬೆಳೆಯುವುದೂ ನಿಧಾನ. ಸೊನ್ನೆಯಿಂದ ಶುರು ಮಾಡಿದರೆ ಒಂದು ಟ್ಯಾಂಕ್‌ನಲ್ಲಿ ಸಾಕಷ್ಟು ಬ್ಯಾಕ್ಟೀರಿಯಾ ನೆಲೆಯಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಕ್ವೇರಿಯಂ ಭಾಷೆಯಲ್ಲಿ ಇದನ್ನೇ 'ಸೈಕ್ಲಿಂಗ್' ಎನ್ನುವುದು.

ಈಗ ಭಾನುವಾರದ ಆ ಹೊಸ ಟ್ಯಾಂಕ್ ನೆನಪಿಸಿಕೊಳ್ಳಿ. ಗಾಜು ಹೊಸದು, ಕಲ್ಲು ಹೊಸದು, ಫಿಲ್ಟರ್ ಹೊಸದು. ಬ್ಯಾಕ್ಟೀರಿಯಾ ಒಂದೂ ಇಲ್ಲ. ನೀರು ಹೆಚ್ಚಿರುವುದರಿಂದ ಅಮೋನಿಯಾ ಏರಲು ಎರಡು ಮೂರು ದಿನ ತಡವಾಗುತ್ತದೆ ಅಷ್ಟೇ. ಮೀನು ಮೊದಲ ದಿನ ಖುಷಿಯಾಗಿ ಓಡಾಡಿ, ನಾಲ್ಕನೇ ದಿನಕ್ಕೆ ಮಂಕಾಗುವುದು ಇದೇ ಕಾರಣಕ್ಕೆ.

ಅಂದ ಹಾಗೆ, ತಿಂಗಳಿಗೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು ತಿಕ್ಕಿ ತೊಳೆದು, ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ, ಹೊಸ ನೀರು ತುಂಬುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಪಾತ್ರೆ ತೊಳೆದಷ್ಟು ಶುಚಿಯಾಗಿ ಮಾಡುತ್ತಾರೆ. ಅವರಿಗೆ ತಿಂಗಳಿಗೊಮ್ಮೆ ಹೊಸ ಟ್ಯಾಂಕ್‌ನ ಸಮಸ್ಯೆ ಎದುರಾಗುತ್ತಿರುತ್ತದೆ, ಗೊತ್ತಾಗುವುದಿಲ್ಲ.

ಮೊದಲು ಫಿಲ್ಟರ್, ಆಮೇಲೆ ಮೀನು

ಹಾಗಾದರೆ ಆರು ವಾರ ಕಾಯಬೇಕೇ? ಈಗಾಗಲೇ ಫಿಲ್ಟರ್ ಇರುವ ಹಳೆ ಟ್ಯಾಂಕ್ ನಿಮ್ಮಲ್ಲಿದ್ದರೆ ಅಷ್ಟು ಕಾಯಬೇಕಿಲ್ಲ. ಬ್ಯಾಕ್ಟೀರಿಯಾಗಳನ್ನೂ ಮೀನಿನ ಜೊತೆ ಕರೆದೊಯ್ದರೆ ಸಾಕು.

ಅತ್ಯಂತ ಸುರಕ್ಷಿತ ದಾರಿ ಎಂದರೆ, ದೊಡ್ಡ ಟ್ಯಾಂಕ್‌ಗೆಂದು ತಂದ ಹೊಸ ಫಿಲ್ಟರನ್ನು ಮೂರ್ನಾಲ್ಕು ವಾರ ಮೊದಲೇ ಹಳೆ ಟ್ಯಾಂಕ್‌ನಲ್ಲಿ, ಹಳೆ ಫಿಲ್ಟರ್‌ನ ಪಕ್ಕದಲ್ಲೇ ಓಡಿಸುವುದು. ಏರ್ ಪಂಪ್‌ಗೆ ಜೋಡಿಸುವ ಅಗ್ಗದ ಸ್ಪಂಜ್ ಫಿಲ್ಟರ್ ಆದರೂ ಆದೀತು. ಸ್ಥಳಾಂತರದ ದಿನ ಎರಡನ್ನೂ ದೊಡ್ಡ ಟ್ಯಾಂಕ್‌ಗೆ ಹಾಕಿ. ಅಷ್ಟು ಸಮಯವಿಲ್ಲ ಎನ್ನುವವರು ಹಳೆ ಫಿಲ್ಟರನ್ನು ಇದ್ದಕ್ಕಿದ್ದಂತೆಯೇ ಹೊಸ ಟ್ಯಾಂಕ್‌ಗೆ ಒಯ್ದು, ಹೊಸ ಫಿಲ್ಟರ್ ಜೊತೆ ಕನಿಷ್ಠ ಒಂದು ತಿಂಗಳು ಒಟ್ಟಿಗೆ ನಡೆಸಬಹುದು. ಹಳೆ ಸ್ಪಂಜನ್ನು ಕತ್ತರಿಸಿ ಹೊಸ ಫಿಲ್ಟರ್‌ನೊಳಗೆ ತುರುಕುವುದೂ ಕೆಲಸ ಮಾಡುತ್ತದೆ.

ಒಂದು ಮಾತು ಗಮನದಲ್ಲಿರಲಿ. ಬ್ಯಾಕ್ಟೀರಿಯಾಗಳ ಸಂಖ್ಯೆ ಟ್ಯಾಂಕ್‌ನ ಗಾತ್ರಕ್ಕಲ್ಲ, ಸಿಗುವ ಅಮೋನಿಯಾಕ್ಕೆ ತಕ್ಕಂತೆ ಇರುತ್ತದೆ. ಮೂರು ಮೀನಿಗೆ ಸಾಲುವಷ್ಟು ಬ್ಯಾಕ್ಟೀರಿಯಾ ಹಳೆ ಫಿಲ್ಟರ್‌ನಲ್ಲಿದ್ದರೆ, ಅದೇ ಮೂರು ಮೀನಿಗೆ ಹೊಸ ಟ್ಯಾಂಕ್‌ನಲ್ಲೂ ಸಾಲುತ್ತದೆ. 'ಹೇಗೂ ಜಾಗ ಇದೆಯಲ್ಲ' ಎಂದು ಅದೇ ದಿನ ಇನ್ನೂ ಎಂಟು ಮೀನು ತಂದು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಹೊಸ ಅತಿಥಿಗಳು ಒಂದು ತಿಂಗಳು ಕಾಯಲಿ.

ಬೌಲ್‌ನಲ್ಲಿ ಫಿಲ್ಟರೇ ಇರಲಿಲ್ಲ ಎಂದಾದರೆ? ಅಕ್ವೇರಿಯಂ ಇರುವ ಸ್ನೇಹಿತರ ಮನೆಯಿಂದ, ಅವರ ಮೀನುಗಳು ಆರೋಗ್ಯವಾಗಿವೆ ಎಂದು ಖಾತ್ರಿಯಿದ್ದರೆ ಮಾತ್ರ, ಒಂದು ತುಂಡು ಹಳೆ ಸ್ಪಂಜ್ ಕೇಳಿ ತನ್ನಿ. ಸಿಗದಿದ್ದರೆ ಮೀನನ್ನು ಇಟ್ಟುಕೊಂಡೇ ಸೈಕ್ಲಿಂಗ್ ಮಾಡಬೇಕಾಗುತ್ತದೆ. ಆಹಾರ ಅತಿ ಕಡಿಮೆ, ದಿನವೂ ನೀರಿನ ಪರೀಕ್ಷೆ, ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಾವಣೆ. ಸುಮಾರು ಒಂದೂವರೆ ತಿಂಗಳ ಕೆಲಸ. ಕಷ್ಟ, ಅಸಾಧ್ಯವೇನಲ್ಲ.

ಅಂಗಡಿಯಲ್ಲಿ ಟ್ಯಾಂಕ್ ಕೊಂಡರೆ ಜೊತೆಗೆ ಒಂದು ನೀಲಿ ಬಾಟಲಿ ಕೊಡುತ್ತಾರಲ್ಲ, ಅದು ಸಾಮಾನ್ಯವಾಗಿ ಮಿಥಿಲೀನ್ ಬ್ಲೂ. ಶಿಲೀಂಧ್ರ ಸೋಂಕಿಗೆ, ಬೇರೆ ಪಾತ್ರೆಯಲ್ಲಿ ಮೀನನ್ನಿಟ್ಟು ಕೊಡುವ ಔಷಧ. 'ಇರಲಿ' ಎಂದು ಹೊಸ ಟ್ಯಾಂಕ್‌ಗೆ ಹತ್ತು ಹನಿ ಹಾಕಿದರೆ ನೀವು ಇಷ್ಟು ಕಷ್ಟಪಟ್ಟು ತಂದ ಬ್ಯಾಕ್ಟೀರಿಯಾಕ್ಕೂ ಅದು ಪೆಟ್ಟು ಕೊಡುತ್ತದೆ. ಸಿಲಿಕೋನ್ ಅಂಚು ನೀಲಿಯಾಗುವುದು ಬೇರೆ.

ಹಳೆ ನೀರು ಒಳ್ಳೆಯದೋ ಕೆಟ್ಟದ್ದೋ?

ಎರಡೂ ಹೌದು. ಸಮಸ್ಯೆಯ ಸೂಕ್ಷ್ಮ ಇರುವುದು ಇಲ್ಲಿಯೇ.

ನೀರನ್ನು ವಾರಕ್ಕೊಮ್ಮೆ ಬದಲಿಸುತ್ತಾ ಬಂದ ಟ್ಯಾಂಕ್‌ನ ನೀರು ನಿಮ್ಮ ನಲ್ಲಿ ನೀರಿಗೆ ಹತ್ತಿರ ಹತ್ತಿರ ಇರುತ್ತದೆ. ಅಂಥ ನೀರಿನ ಮೂರನೇ ಒಂದು ಭಾಗವನ್ನು ಹೊಸ ಟ್ಯಾಂಕ್‌ಗೆ ಸೇರಿಸಿದರೆ ಮೀನಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಆದರೆ ತಿಂಗಳುಗಟ್ಟಲೆ ನೀರು ಬದಲಿಸದೆ, ಆವಿಯಾದಷ್ಟನ್ನು ಮಾತ್ರ ತುಂಬಿಸುತ್ತಾ ಬಂದ ಟ್ಯಾಂಕ್‌ನ ಸ್ಥಿತಿ ಬೇರೆ. ಬ್ಯಾಕ್ಟೀರಿಯಾಗಳು ಕೆಲಸ ಮಾಡುವಾಗ ನೀರಿನ ಕ್ಷಾರೀಯತೆ ಕರಗುತ್ತಾ ಹೋಗುತ್ತದೆ, ಪಿಎಚ್ ನಿಧಾನಕ್ಕೆ 6ರ ಕಡೆಗೆ ಇಳಿಯುತ್ತದೆ, ನೈಟ್ರೇಟ್ ಏರುತ್ತದೆ. ಮೀನು ಇದಕ್ಕೆ ನಿಧಾನವಾಗಿ ಒಗ್ಗಿಕೊಂಡಿರುತ್ತದೆ.

ಇದರ ಜೊತೆಗೆ ರಸಾಯನಶಾಸ್ತ್ರದ ಒಂದು ಆಟವೂ ಇದೆ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ. ಒಂದು ವಿಷ, ಇನ್ನೊಂದು, ಅಂದರೆ ಅಮೋನಿಯಂ, ಹೆಚ್ಚು ಹಾನಿ ಮಾಡುವುದಿಲ್ಲ. ಯಾವುದು ಎಷ್ಟಿರಬೇಕೆಂದು ನಿರ್ಧರಿಸುವುದು ಮುಖ್ಯವಾಗಿ ಪಿಎಚ್, ಸ್ವಲ್ಪ ಮಟ್ಟಿಗೆ ಉಷ್ಣತೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಶೇ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇ 5 ದಾಟುತ್ತದೆ. ಹುಳಿಯಾದ ಹಳೆ ನೀರಿನಲ್ಲಿ ಅಮೋನಿಯಾ ಇದ್ದೂ ಮೀನಿಗೆ ಏನೂ ಆಗಿರುವುದಿಲ್ಲ. ಅದೇ ನೀರನ್ನು ಗಡಸು ಬೋರ್‌ವೆಲ್ ನೀರಿನೊಂದಿಗೆ ಬೆರೆಸಿದ ಕೂಡಲೇ ಪಿಎಚ್ ಮೇಲೇರಿ, ನಿರಪಾಯಕಾರಿಯಾಗಿದ್ದದ್ದು ವಿಷವಾಗುತ್ತದೆ. 'ಅಷ್ಟು ಕೊಳಕು ನೀರಿನಲ್ಲಿ ಬದುಕಿತ್ತು, ಶುದ್ಧ ನೀರಿಗೆ ಹಾಕಿದ್ದೇ ಸತ್ತುಹೋಯಿತು' ಎಂಬ ಒಗಟಿಗೆ ಉತ್ತರ ಇದು.

ಪರಿಹಾರ ಸರಳ. ಸ್ಥಳಾಂತರಕ್ಕೆ ಎರಡು ಮೂರು ವಾರ ಮುಂಚಿನಿಂದಲೇ ಹಳೆ ಟ್ಯಾಂಕ್‌ನಲ್ಲಿ ಎರಡು ದಿನಕ್ಕೊಮ್ಮೆ ಶೇ 10ರಿಂದ 15ರಷ್ಟು ನೀರು ಬದಲಿಸುತ್ತಾ ಬನ್ನಿ. ಮೀನು ಹಳೆ ಮನೆಯಲ್ಲೇ ಹೊಸ ನೀರಿಗೆ ಒಗ್ಗಿಕೊಳ್ಳುತ್ತದೆ. ಮನೆಯಲ್ಲಿ ಆರ್‌ಒ ಪರೀಕ್ಷಿಸುವ ಪೆನ್ನಿನಂಥ ಟಿಡಿಎಸ್ ಮೀಟರ್ ಇದ್ದರೆ ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆ ಟ್ಯಾಂಕ್‌ನ ನೀರನ್ನೂ ನಲ್ಲಿ ನೀರನ್ನೂ ಅಳೆದು ನೋಡಿ. ಅಂಕಿಗಳು ಹತ್ತಿರ ಬರುವವರೆಗೆ ಆತುರ ಬೇಡ. ಪಿಎಚ್ ಪರೀಕ್ಷೆಗೆ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಿಗುತ್ತದೆ. ಅಮೋನಿಯಾ ಕಿಟ್ ಕೂಡ ಕೊಳ್ಳಿ. ಕೆಲವೊಮ್ಮೆ ಅದು ಮೀನಿಗಿಂತ ದುಬಾರಿ ಎನಿಸುವುದು ಹೌದು, ಆದರೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಕಪ್ಪೆಯ ಬೊಂಬೆಗೆ ಕೊಡುವ ದುಡ್ಡಿನಲ್ಲಿ ಇದು ಬಂದೇ ಬರುತ್ತದೆ.

ನಿಮ್ಮ ಊರಿನ ನೀರು ಎಂಥದ್ದು?

ಬೆಂಗಳೂರಿನಲ್ಲಿ ಮೀನು ಸಾಕಿ ಅಭ್ಯಾಸವಿದ್ದವರು ಕೆಲಸದ ಮೇಲೆ ಬೇರೆ ಊರಿಗೆ ಬಂದಾಗ ಎಡವುವುದು ನೀರಿನ ವಿಷಯದಲ್ಲಿ. ಬೆಂಗಳೂರಲ್ಲೇ ಕಾವೇರಿ ನೀರಿಗೂ ಪಕ್ಕದ ಬೀದಿಯ ಬೋರ್‌ವೆಲ್ ನೀರಿಗೂ ಅಜಗಜಾಂತರ. ಮುಂಬೈಗೆ ಭಾತ್ಸಾ, ತಾನಸಾ, ವೈತರಣಾ ಮುಂತಾದ ಜಲಾಶಯಗಳಿಂದ ಬರುವ ನೀರು ಮೆದು, ಲವಣಾಂಶ ಕಡಿಮೆ. ಚೆನ್ನೈನ ಕರಾವಳಿ ಭಾಗದ ಬೋರ್‌ವೆಲ್ ನೀರು ಗಡಸು, ಹಲವೆಡೆ ಉಪ್ಪುಪ್ಪು. ಜೊತೆಗೆ ಅಲ್ಲಿ ಮೀಂಜೂರು, ನೆಮ್ಮೇಲಿ ಘಟಕಗಳಲ್ಲಿ ಸಿಹಿಗೊಳಿಸಿದ ಸಮುದ್ರದ ನೀರೂ ಪೂರೈಕೆಯಾಗುತ್ತದೆ. ಹೈದರಾಬಾದ್‌ನಲ್ಲಿ ಕೃಷ್ಣಾ, ಗೋದಾವರಿ ನೀರು ಬರುವ ಮನೆಗಳಿವೆ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಮನೆಗಳೂ ಇವೆ. ಟ್ಯಾಂಕರ್ ನೀರಂತೂ ಈ ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ.

ನಗರಪಾಲಿಕೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರವೇ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಹಾನಿ, ಫಿಲ್ಟರ್‌ನ ಬ್ಯಾಕ್ಟೀರಿಯಾಕ್ಕೂ ಹಾನಿ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂಬುದು ನಿಜ. ಆದರೆ ಎಲ್ಲ ಸಂದರ್ಭಗಳಲ್ಲೂ ಅಲ್ಲ. ದೆಹಲಿಯನ್ನೇ ನೋಡಿ. ಯಮುನೆಯಲ್ಲಿ ಅಮೋನಿಯಾ ಪ್ರಮಾಣ ಏರಿ ವಜೀರಾಬಾದ್, ಚಂದ್ರಾವಲ್ ಘಟಕಗಳಲ್ಲಿ ನೀರಿನ ಉತ್ಪಾದನೆ ಕಡಿತವಾದ ಸುದ್ದಿ ಆಗಾಗ ಓದಿರುತ್ತೀರಿ. ನೀರಿನಲ್ಲಿ ಅಮೋನಿಯಾ ಇದ್ದಾಗ ಕ್ಲೋರಿನ್ ಸೇರಿಸಿದರೆ ಕ್ಲೋರಮೈನ್ ಉಂಟಾಗುತ್ತದೆ. ಅದು ಒಂದು ದಿನ ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಹಾಗಾಗಿ 160 ಲೀಟರ್ ಹೊಸ ನೀರು ತುಂಬಿಸುವಾಗ ಕ್ಲೋರಿನ್ ತೆಗೆಯುವ ದ್ರಾವಣ ಬಳಸುವುದೇ ಜಾಣತನ. ಲೇಬಲ್ ಮೇಲೆ 'ಕ್ಲೋರಮೈನ್‌ಗೂ ಕೆಲಸ ಮಾಡುತ್ತದೆ' ಎಂದು ಬರೆದಿರುವುದನ್ನು ಆರಿಸಿ.

ಆರ್‌ಒ ನೀರು ಶುದ್ಧವಲ್ಲವೇ, ಅದನ್ನೇ ತುಂಬಿಸೋಣ ಎನ್ನುವವರಿದ್ದಾರೆ. ಬೇಡ. ಅದರಲ್ಲಿ ಮೀನಿಗೆ ಬೇಕಾದ ಖನಿಜಗಳೂ ಇರುವುದಿಲ್ಲ, ಪಿಎಚ್ ಹಿಡಿದಿಡುವ ಕ್ಷಾರೀಯತೆಯೂ ಇರುವುದಿಲ್ಲ. ಬೋರ್‌ವೆಲ್ ನೀರು ವಿಪರೀತ ಗಡಸಾಗಿದ್ದರೆ ಅರ್ಧಕ್ಕರ್ಧ ಬೆರೆಸಬಹುದು.

ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್‌ನ ನೀರು ಮಧ್ಯಾಹ್ನ ಕೈ ಇಡಲಾಗದಷ್ಟು ಬಿಸಿ ಇರುತ್ತದೆ ಎಂಬುದು ದೆಹಲಿ, ಹೈದರಾಬಾದ್‌ನವರಿಗೆ ಹೇಳಬೇಕಿಲ್ಲ. ನೀರು ಬೆಳಗಿನ ಜಾವ ಹಿಡಿದಿಡಿ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ.

ಟ್ಯಾಂಕ್ ಇಡುವ ಜಾಗ

ಒಂದು ಲೀಟರ್ ನೀರು ಒಂದು ಕೆಜಿ. ಮೂರಡಿ ಟ್ಯಾಂಕ್‌ಗೆ ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ 200 ಕೆಜಿ ಆಸುಪಾಸು ಆಗುತ್ತದೆ. ವಾಸದ ಮನೆಗಳ ನೆಲವನ್ನು ನಮ್ಮಲ್ಲಿ ಚದರ ಮೀಟರ್‌ಗೆ ಸುಮಾರು 200 ಕೆಜಿ ಹಂಚಿಕೆಯ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಅದು ಇಡೀ ಕೋಣೆಯ ಲೆಕ್ಕ. ಒಳ್ಳೆಯ ಕಾಂಕ್ರೀಟ್ ಕಟ್ಟಡದಲ್ಲಿ ಮೂರಡಿ ಟ್ಯಾಂಕ್‌ಗೆ ಹೆದರಬೇಕಿಲ್ಲ, ಆದರೆ ಕೋಣೆಯ ನಡುವೆ, ಹೊರಚಾಚಿದ ಬಾಲ್ಕನಿಯಲ್ಲಿ ಇಡಬೇಡಿ. ತೊಲೆ ಇರುವ ಗೋಡೆಯ ಪಕ್ಕಕ್ಕಿಡಿ. ಮುಂಬೈನ ಮರದ ಅಟ್ಟದ ಹಳೆ ಚಾಳ್‌ಗಳಲ್ಲಿರುವವರು, ನಾಲ್ಕಡಿಗಿಂತ ದೊಡ್ಡ ಟ್ಯಾಂಕ್ ತರುವವರು ತಿಳಿದವರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು. ಬಾಡಿಗೆ ಮನೆಯಾದರೆ ಮಾಲೀಕರಿಗೂ ಒಂದು ಮಾತು ಹೇಳಿಬಿಡಿ.

ಸ್ಟ್ಯಾಂಡ್ ಸಮತಟ್ಟಾಗಿರಬೇಕು. ಅಂಚಿನ ಚೌಕಟ್ಟಿಲ್ಲದ ಗಾಜಿನ ಟ್ಯಾಂಕ್ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ. ನೆರೆಯ ಗಾಜಿನಂಗಡಿಯಲ್ಲಿ ಹೇಳಿ ಮಾಡಿಸಿದ ಟ್ಯಾಂಕ್ ಆದರೆ ಸಿಲಿಕೋನ್ ಪೂರ್ತಿ ಒಣಗಿ, ವಿನೆಗರ್‌ನಂಥ ವಾಸನೆ ಹೋಗುವವರೆಗೂ ಕಾಯಿರಿ. ಆಮೇಲೆ ನೀರು ತುಂಬಿಸಿ ಎರಡು ದಿನ ಸೋರಿಕೆ ನೋಡಿ. ಬಾತ್‌ರೂಮ್‌ಗೆ ಬಳಸುವ, ಬೂಸ್ಟು ಹಿಡಿಯದ ಸಿಲಿಕೋನ್ ಹಾಕಿಲ್ಲ ತಾನೇ ಎಂದು ಮಾಡಿದವರನ್ನು ಕೇಳಿ. ಅದರಲ್ಲಿರುವ ಶಿಲೀಂಧ್ರನಾಶಕ ಮೀನಿಗೆ ಆಗದು. ತೊಳೆಯಲು ಬರೀ ನೀರು ಸಾಕು, ಸೋಪು, ಡಿಟರ್ಜೆಂಟ್ ಹತ್ತಿರಕ್ಕೂ ಬೇಡ.

ಸ್ಥಳಾಂತರದ ದಿನ

ಹಿಂದಿನ ದಿನದಿಂದ ಆಹಾರ ಕೊಡಬೇಡಿ. ಹೊಟ್ಟೆ ಖಾಲಿ ಇದ್ದರೆ ಗಲೀಜು ಕಡಿಮೆ, ಒಂದೆರಡು ದಿನ ತಿನ್ನದಿದ್ದರೆ ಆರೋಗ್ಯವಂತ ಮೀನಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಎರಡೂ ಟ್ಯಾಂಕ್‌ಗೆ ಜಾಗವಿದ್ದರೆ ಹೊಸದನ್ನು ಎರಡು ದಿನ ಮೊದಲೇ ತುಂಬಿಸಿ, ಫಿಲ್ಟರ್ ಓಡಿಸಿ, ಉಷ್ಣತೆ ಸಮವಾಗಲು ಬಿಡಿ. ಒಂದೇ ಕೋಣೆಯ ಮನೆಯಲ್ಲಿ ಹಳೆಯದು ಇದ್ದ ಜಾಗದಲ್ಲೇ ಹೊಸದು ಬರಬೇಕು ಎಂದಾದರೆ ಎಲ್ಲವೂ ಅದೇ ದಿನ ಆಗಬೇಕು, ರಜಾದಿನ ಬೆಳಗ್ಗೆಯೇ ಶುರು ಮಾಡಿ.

ಬಟ್ಟೆ ನೆನೆಸದ, ಸೋಪು ಮುಟ್ಟದ ಹೊಸ ಬಕೆಟ್ ಎರಡು ಬೇಕು. ಒಂದರಲ್ಲಿ ಹಳೆ ಟ್ಯಾಂಕ್‌ನ ಮೇಲ್ಭಾಗದ ತಿಳಿನೀರು ತುಂಬಿಸಿ, ಏರ್ ಪಂಪ್‌ನ ಕಲ್ಲು ಇಳಿಬಿಡಿ. ಲೈಟ್ ಆರಿಸಿ. ಗಿಡ, ಕಲ್ಲಿನ ಗೂಡು ಮೊದಲು ತೆಗೆದುಬಿಟ್ಟರೆ ಮೀನನ್ನು ಟ್ಯಾಂಕ್ ತುಂಬಾ ಅಟ್ಟಾಡಿಸುವುದು ತಪ್ಪುತ್ತದೆ. ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ಅಥವಾ ಮಗ್ ಒಳ್ಳೆಯದು. ಬಲೆಗೆ ಉಜ್ಜಿದರೆ ಮೈಮೇಲಿನ ಲೋಳೆ ಪೊರೆ ಕಿತ್ತುಬರುತ್ತದೆ, ಸೋಂಕು ತಡೆಯುವುದೇ ಆ ಲೋಳೆ. ಸಕ್ಕರ್ ಮೀನಿನ ಮುಳ್ಳುಗಳು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದು ಅದಕ್ಕೂ ನಿಮಗೂ ಹಿಂಸೆ. ಮೀನು ಬಕೆಟ್‌ಗೆ ಬಂದ ಕೂಡಲೇ ಮುಚ್ಚಿ. ಕತ್ತಲಲ್ಲಿ ಅವು ಶಾಂತವಾಗುತ್ತವೆ, ಹಾರುವುದೂ ಇಲ್ಲ.

ಎರಡನೇ ಬಕೆಟ್‌ನಲ್ಲಿ ಹಳೆ ಟ್ಯಾಂಕ್ ನೀರನ್ನೇ ಹಾಕಿ ಫಿಲ್ಟರ್‌ನ ಸ್ಪಂಜ್ ಮುಳುಗಿಸಿಡಿ. ಇದನ್ನು ಒಣಗಲು ಬಿಡಬಾರದು, ನಲ್ಲಿ ನೀರಲ್ಲಿ ತೊಳೆಯಬಾರದು. ಗಂಟೆಯೊಳಗೆ ಹೊಸ ಟ್ಯಾಂಕ್‌ನಲ್ಲಿ ಮತ್ತೆ ಓಡುವಂತಾದರೆ ಉತ್ತಮ. ಮುಚ್ಚಿದ ಫಿಲ್ಟರ್‌ನೊಳಗೆ ನೀರು ಅನೇಕ ಗಂಟೆ ನಿಂತುಬಿಟ್ಟರೆ ಬ್ಯಾಕ್ಟೀರಿಯಾ ಸತ್ತು ಕೊಳೆಯಲು ಶುರುವಾಗುತ್ತದೆ. ಕರೆಂಟ್ ಹೋಗಿ ತಡವಾಯಿತು ಎಂದಾದರೆ ಆ ನಿಂತ ನೀರನ್ನು ಚೆಲ್ಲಿಯೇ ಆರಂಭಿಸಿ. ಹಳೆ ತಳದ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಇದೆ, ಜೊತೆಗೆ ವರ್ಷಗಳ ಹಿಕ್ಕೆಯೂ ಇದೆ. ಹಾಗೇ ಸುರಿದರೆ ಕಂದು ಮೋಡ ಎದ್ದು ಅಮೋನಿಯಾ ಏರುತ್ತದೆ. ಟ್ಯಾಂಕ್ ನೀರಲ್ಲೇ ಜಾಲಾಡಿಸಿ, ಒಂದು ಭಾಗ ಮಾತ್ರ ತೆಳ್ಳನೆಯ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಟ್ಟರೆ ಸಾಕು.

ಹೊಸ ಟ್ಯಾಂಕ್ ಸಿದ್ಧವಾದ ಮೇಲೆ ಉಷ್ಣತೆ ನೋಡಿ. ಬಕೆಟ್‌ಗೂ ಟ್ಯಾಂಕ್‌ಗೂ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ನಂತರ ಹೊಸ ಟ್ಯಾಂಕ್‌ನಿಂದ ತೆಳು ಪೈಪಿನಲ್ಲಿ, ಗಂಟು ಹಾಕಿ ಹನಿ ಹನಿಯಾಗಿ ಬಕೆಟ್‌ಗೆ ನೀರು ಬಿಡಿ. ಆಸ್ಪತ್ರೆಯ ಡ್ರಿಪ್‌ನಂತೆಯೇ. ಬಕೆಟ್ ನೀರು ಎರಡರಷ್ಟಾಗಲು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿದರೆ ಸರಿ. ಪೈಪ್ ಇಲ್ಲದವರು ಹತ್ತು ನಿಮಿಷಕ್ಕೊಂದು ಲೋಟ ಸುರಿಯಬಹುದು. ಎರಡು ನೀರೂ ಹೆಚ್ಚೂಕಡಿಮೆ ಒಂದೇ ಎಂದು ಪರೀಕ್ಷೆಯಲ್ಲಿ ಕಂಡಿದ್ದರೆ ಇಷ್ಟೆಲ್ಲ ಬೇಕಿಲ್ಲ, ಇಪ್ಪತ್ತು ನಿಮಿಷ ಸಾಕು.

ಜಗಳಗಂಟ ಮೀನುಗಳಿದ್ದರೆ ಮೊದಲು ಬಲಹೀನ ಮೀನನ್ನು ಬಿಡಿ. ಮೂಲೆ ಹಿಡಿಯಲು ಅದಕ್ಕೊಂದು ಅವಕಾಶ. ಎಲ್ಲ ಮುಗಿದ ಮೇಲೆ ಟ್ಯಾಂಕ್‌ಗೆ ಮುಚ್ಚಳ ಹಾಕಲು ಮರೆಯಬೇಡಿ. ಹೊಸ ಜಾಗದ ಮೊದಲ ರಾತ್ರಿ ಮೀನು ಜಿಗಿಯುವ ಸಾಧ್ಯತೆ ಹೆಚ್ಚು.

ಮೊದಲ ಎರಡು ವಾರ ನೋಡಬೇಕಾದ್ದು

ಮೊದಲ ದಿನ ಬಣ್ಣ ಮಾಸುವುದು, ತಳದಲ್ಲಿ ಕೂರುವುದು, ತಿನ್ನದಿರುವುದು ಸಹಜ. ಲೈಟ್ ಹಾಕಬೇಡಿ, ಗಾಜು ತಟ್ಟಬೇಡಿ, ಮಕ್ಕಳಿಗೂ ಹೇಳಿ. ಮರುದಿನ ಚಿಟಿಕೆಯಷ್ಟು ಆಹಾರ. ಒಂದು ವಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ.

ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಎರಡು ವಾರ ದಿನವೂ ಪರೀಕ್ಷಿಸಿ. ಕಿಟ್‌ನಲ್ಲಿ ಬಣ್ಣ ತಿರುಗಿದರೆ ಅಂದೇ ಕಾಲು ಭಾಗ ನೀರು ಬದಲಿಸಿ. ನೈಟ್ರೈಟ್ ಕಂಡರೆ ಲೀಟರ್‌ಗೆ ಒಂದು ಗ್ರಾಂನಷ್ಟು ಉಪ್ಪು ಕರಗಿಸಿ ಹಾಕುವುದರಿಂದ ಗೋಲ್ಡ್ ಫಿಶ್‌ನಂಥ ಮೀನುಗಳಿಗೆ ಅನುಕೂಲ. ಉಪ್ಪಿನ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದನ್ನು ತಡೆಯುತ್ತದೆ. ಟ್ಯಾಂಕ್‌ನಲ್ಲಿ ಜೀವಂತ ಗಿಡಗಳಿದ್ದರೆ ಅವಕ್ಕೆ ಉಪ್ಪು ಆಗದೇ ಇರಬಹುದು.

ಮೂರನೇ ದಿನದ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾದರೆ ಗಾಬರಿಯಾಗಿ ಪೂರ್ತಿ ನೀರು ಚೆಲ್ಲಬೇಡಿ. ಹೊಸ ಟ್ಯಾಂಕ್‌ನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿದ್ದರ ಗುರುತು ಅದು, ಕೆಲ ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ಗಾಳಿ ಮಾತ್ರ ಚೆನ್ನಾಗಿ ಬಿಡುತ್ತಿರಿ. ಮೀನು ಮೇಲೆ ಬಂದು ಬಾಯಿ ಬಿಡುವುದು, ಈಜುರೆಕ್ಕೆ ಮುದುಡಿಕೊಳ್ಳುವುದು, ಮೈಯನ್ನು ಕಲ್ಲಿಗೆ ಉಜ್ಜುವುದು, ಕಿವಿರು ಕೆಂಪಾಗುವುದು ಕಂಡರೆ ಔಷಧದ ಬಾಟಲಿಗಿಂತ ಮೊದಲು ಪರೀಕ್ಷಾ ಕಿಟ್ ಕೈಗೆತ್ತಿಕೊಳ್ಳಿ. ನೀರು ಸರಿಯಿದ್ದೂ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಎದ್ದರೆ ಅದು 'ಇಕ್' ಎಂಬ ಪರಾವಲಂಬಿ ಕಾಯಿಲೆ. ಒತ್ತಡದಲ್ಲಿರುವ ಮೀನಿಗೆ ಬೇಗ ತಗಲುತ್ತದೆ, ಆರಂಭದಲ್ಲೇ ಚಿಕಿತ್ಸೆ ಕೊಟ್ಟರೆ ವಾಸಿಯಾಗುತ್ತದೆ.

ಊರೇ ಬದಲಾದರೆ?

ವರ್ಗಾವಣೆಯ ಜೊತೆಗೇ ದೊಡ್ಡ ಟ್ಯಾಂಕ್‌ಗೂ ಹೋಗೋಣ ಎಂದುಕೊಳ್ಳುವವರು ಕೆಲಸವನ್ನು ಎರಡಾಗಿ ಒಡೆದುಕೊಳ್ಳಬೇಕು. ಪ್ಯಾಕರ್ಸ್‌ನವರು ನೀರಿರುವ ಟ್ಯಾಂಕ್ ಮುಟ್ಟುವುದಿಲ್ಲ, ಮುಟ್ಟಿದರೂ ಒಡೆಯುತ್ತದೆ. ಪರಿಚಯದ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಮೀನನ್ನು ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ ತುಂಬಿದ ಕವರ್‌ನಲ್ಲಿ ಪ್ಯಾಕ್ ಮಾಡಿಕೊಡುತ್ತಾರೆ. ಚೆನ್ನೈನ ಕೊಳತ್ತೂರಿನಂಥ ಅಲಂಕಾರಿಕ ಮೀನು ಮಾರುಕಟ್ಟೆಗಳಿಂದ ಮೀನುಗಳು ದೂರದೂರಿಗೆ ಹೋಗುವುದೂ ಹೀಗೆಯೇ. ಎರಡು ಕವರ್, ಅದರ ಹೊರಗೆ ಥರ್ಮಾಕೋಲ್ ಪೆಟ್ಟಿಗೆ.

ಇಲ್ಲಿ ಬಕೆಟ್‌ನ ವಿಧಾನ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಿ. ಹತ್ತಾರು ಗಂಟೆ ಕವರ್‌ನಲ್ಲಿದ್ದಾಗ ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ, ಅಮೋನಿಯಾ ಸೇರಿದ್ದರೂ ಅದರ ವಿಷ ಅಡಗಿರುತ್ತದೆ. ಕವರ್ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಏರತೊಡಗುತ್ತದೆ. ಹಾಗಾಗಿ ಕಟ್ಟಿದ ಕವರನ್ನೇ ಹದಿನೈದಿಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಸಮ ಮಾಡಿ, ಬಿಚ್ಚಿದ ಮೇಲೆ ಹೆಚ್ಚು ಕಾಯದೆ ಮೀನನ್ನು ಮಾತ್ರ ಎತ್ತಿ ಹೊಸ ನೀರಿಗೆ ಬಿಡಬೇಕು. ಕವರ್‌ನ ನೀರು ಟ್ಯಾಂಕ್‌ಗೆ ಬೀಳಬಾರದು. ಒದ್ದೆ ಸ್ಪಂಜನ್ನು ಹಳೆ ಟ್ಯಾಂಕ್ ನೀರಿನೊಂದಿಗೆ, ಒಳಗೆ ಸಾಕಷ್ಟು ಗಾಳಿ ಇರುವಂತೆ ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಹೊಸ ಊರಿನಲ್ಲಿ ಮೊದಲ ಒಂದು ತಿಂಗಳು ಹೊಸ ಮೀನು ಖರೀದಿ ಬೇಡವೇ ಬೇಡ.

ಇನ್ನು ಹಳೆ ಟ್ಯಾಂಕ್ ವಿಚಾರ. ಅದನ್ನು ತಕ್ಷಣ ಮಾರಬೇಡಿ. ಮುಂದೆ ಮೀನು ಕಾಯಿಲೆ ಬಿದ್ದಾಗ ಬೇರೆಯಾಗಿಟ್ಟು ಔಷಧ ಕೊಡಲು, ಹೊಸದಾಗಿ ಕೊಂಡ ಮೀನನ್ನು ಎರಡು ಮೂರು ವಾರ ಪ್ರತ್ಯೇಕವಾಗಿ ಇಟ್ಟು ನೋಡಲು ಅದೇ ಬೇಕಾಗುತ್ತದೆ. ದೊಡ್ಡ ಟ್ಯಾಂಕ್‌ನಲ್ಲಿ ಒಂದು ಸ್ಪಂಜ್ ಫಿಲ್ಟರ್ ಹೆಚ್ಚುವರಿಯಾಗಿ ಓಡುತ್ತಿದ್ದರೆ ಈ 'ಆಸ್ಪತ್ರೆ ಟ್ಯಾಂಕ್' ಹತ್ತು ನಿಮಿಷದಲ್ಲಿ ಸಿದ್ಧವಾಗುತ್ತದೆ. ದೊಡ್ಡದಕ್ಕೂ ಹೊಂದದಷ್ಟು ಬೆಳೆದ ಸಕ್ಕರ್ ಮೀನನ್ನು ಕೆಲವರು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕ ಮೂಲದ ಈ ಮೀನು ಕೋಲ್ಕತ್ತಾದ ಜೌಗು ಪ್ರದೇಶದಿಂದ ಹಿಡಿದು ನಮ್ಮ ಅನೇಕ ಜಲಮೂಲಗಳಲ್ಲಿ ಹರಡಿರುವುದು ಹೀಗೆಯೇ, ಮೀನುಗಾರರ ಬಲೆ ಹರಿಯುತ್ತಿರುವುದೂ ಅದೇ. ಕೆರೆಯ ಬದಲು ಅಂಗಡಿಗೆ ಒಯ್ದು ಕೊಡಿ. ಬೆಳೆದ ಮೀನನ್ನು ಸುಮ್ಮನೆ ಕೊಟ್ಟರೆ ಬೇಡ ಎನ್ನುವ ಅಂಗಡಿಯವರು ಕಡಿಮೆ.